ಟಿ-ರೆಗ್ ಅಂತ ಒಪ್ಪುವ ಮೊದಲು ಆ ಕೋಶದಿಂದ ಕೆಲಸ ಮಾಡಿಸಿ ನೋಡಿ

ಟಿ-ರೆಗ್ ಅಂದರೆ ಬೇರೆ ರೋಗನಿರೋಧಕ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶ. ಅದರ ಗುರುತಾದ ಫಾಕ್ಸ್‌ಪಿ3 ಪ್ರೋಟೀನ್ ಕಂಡ ಕೂಡಲೇ ಟಿ-ರೆಗ್ ಸಿಕ್ಕಿತು ಅಂತ ಎಣಿಸಲು ಕೂರಬೇಡಿ. ಮನುಷ್ಯರ ಮಾಮೂಲಿ ಟಿ ಕೋಶಗಳೂ ಕೆರಳಿದಾಗ ಸ್ವಲ್ಪ ಕಾಲ ಅದನ್ನು ತೋರಿಸುತ್ತವೆ. 1995ರಲ್ಲಿ ಶಿಮೊನ್ ಸಕಾಗುಚಿ ತಂಡ ಈ ಕೋಶಗಳನ್ನು ಗುರುತಿಸಿದ್ದೂ ಬರೀ ಸಿಡಿ25 ಎಂಬ ಮೇಲ್ಮೈ ಪ್ರೋಟೀನ್ ನೋಡಿ ಅಲ್ಲ: ಅವಿಲ್ಲದ ಟಿ ಕೋಶಗಳನ್ನು ಇಲಿಗೆ ಕೊಟ್ಟಾಗ ದೇಹ ತನ್ನ ಮೇಲೇ ತಿರುಗಿಬಿತ್ತು, ಅವನ್ನೂ ಸೇರಿಸಿ ಕೊಟ್ಟಾಗ ರೋಗ ಬರಲಿಲ್ಲ.

ರಕ್ತದ ಸ್ಯಾಂಪಲ್ ಇದ್ದರೆ ಮೊದಲು ಸತ್ತ ಕೋಶ ತೋರಿಸುವ ಡೈ ಹಾಕಿ, ಯಾಕೆಂದರೆ ಸತ್ತವಕ್ಕೆ ಸಿಕ್ಕಸಿಕ್ಕ ಆಂಟಿಬಾಡಿಯೆಲ್ಲ ಅಂಟಿಕೊಂಡು ಲೆಕ್ಕ ಕೆಡುತ್ತದೆ. ಆಮೇಲೆ ಸಿಡಿ4, ಸಿಡಿ25, ಸಿಡಿ127 ಎಂಬ ಮೇಲ್ಮೈ ಪ್ರೋಟೀನ್‌ಗಳಿಗೆ ಅಂಟುವ ಬಣ್ಣದ ಆಂಟಿಬಾಡಿ ಹಾಕಿ. ಸಿಡಿ25 ಜಾಸ್ತಿ, ಸಿಡಿ127 ಕಡಿಮೆ ಇರುವವನ್ನು ಆರಿಸಿ. ಆರೋಗ್ಯವಂತರಲ್ಲಿ ಇವು ಸಿಡಿ4 ಕೋಶಗಳ ಶೇ. 5ರಿಂದ 10ರಷ್ಟು ಇರುತ್ತವೆ, ಶೇ. 25 ಬಂದರೆ ನಿಮ್ಮ ಗೇಟ್ (ಕೋಶ ಆರಿಸಲು ಎಳೆದ ಗಡಿ) ಸಡಿಲವಾಗಿದೆ ಅಂತಲೇ ತಿಳಿಯಿರಿ. ಫಾಕ್ಸ್‌ಪಿ3 ಇರುವುದು ನ್ಯೂಕ್ಲಿಯಸ್ ಒಳಗೆ. ಅದನ್ನು ನೋಡಬೇಕಾದರೆ ಕೋಶವನ್ನು ಫಿಕ್ಸ್ ಮಾಡಿ ಪೊರೆಗೆ ತೂತು ಮಾಡಬೇಕು, ಅಲ್ಲಿಗೆ ಅದರ ಕಥೆ ಮುಗಿಯಿತು. ಹಾಗಾಗಿ ಸ್ಯಾಂಪಲ್ ಎರಡು ಭಾಗ ಮಾಡಿ, ಒಂದನ್ನು ಜೀವಂತ ಇಟ್ಟುಕೊಳ್ಳಿ.

ನಿಜವಾದ ಪರೀಕ್ಷೆ ಈಗ. ಮಾಮೂಲಿ ಟಿ ಕೋಶಗಳಿಗೆ ಸಿಎಫ್‌ಎಸ್‌ಇ ಬಣ್ಣ ಹಾಕಿ. ಕೋಶ ಒಮ್ಮೆ ಒಡೆದು ಎರಡಾದಾಗಲೆಲ್ಲ ಬಣ್ಣ ಅರ್ಧಕ್ಕೆ ಇಳಿಯುತ್ತದೆ. ಅವುಗಳ ಜೊತೆ ಟಿ-ರೆಗ್‌ಗಳನ್ನು 1:1, 1:2, 1:4 ಹೀಗೆ ಕಡಿಮೆ ಮಾಡುತ್ತಾ ಬೆರೆಸಿ, ಸಿಡಿ3-ಸಿಡಿ28 ಆಂಟಿಬಾಡಿ ಹಚ್ಚಿದ ಬೀಡ್ಸ್‌ನಿಂದ ಕೆರಳಿಸಿ, 3-4 ದಿನ ಬಿಟ್ಟು ಬಣ್ಣ ಎಷ್ಟು ಉಳಿದಿದೆ ನೋಡಿ. ಬೀಡ್ಸ್ ಜಾಸ್ತಿ ಸುರಿದರೆ ಒಳ್ಳೆಯ ಟಿ-ರೆಗ್ ಕೂಡ ಸೋಲುತ್ತದೆ, ಪ್ರಮಾಣ ಮೊದಲೇ ಸರಿಮಾಡಿಕೊಳ್ಳಿ.

ಜನ ಬಿಟ್ಟುಬಿಡುವ ಕಂಟ್ರೋಲ್ ಒಂದಿದೆ: ಟಿ-ರೆಗ್ ಬದಲು ಅಷ್ಟೇ ಸಂಖ್ಯೆಯ ಬಣ್ಣವಿಲ್ಲದ ಮಾಮೂಲಿ ಕೋಶಗಳನ್ನು ಹಾಕಿದ ಬಾವಿ (ತಟ್ಟೆಯ ಗುಳಿ). ಅದಿಲ್ಲದಿದ್ದರೆ ಬೆಳವಣಿಗೆ ನಿಂತಿದ್ದು ಟಿ-ರೆಗ್‌ನಿಂದಲೋ, ಸುಮ್ನೆ ಜಾಗ ಇಕ್ಕಟ್ಟಾಗಿದ್ದಕ್ಕೋ ಹೇಗೆ ಹೇಳುತ್ತೀರಿ?

ತಡೆದದ್ದು ಹೇಗೆ ಅಂತ ತಿಳಿಯಲು ಎರಡು ಗುಂಪಿನ ನಡುವೆ ಸಣ್ಣ ರಂಧ್ರದ ಪೊರೆ ಇಡಿ. ತಡೆ ಹೋದರೆ ಕೋಶಗಳು ಒಂದನ್ನೊಂದು ಮುಟ್ಟಬೇಕಿತ್ತು ಅಂತ ಅರ್ಥ. ತಟ್ಟೆಯಲ್ಲಿ ಐಎಲ್-10 ಎಂಬ ಉರಿಯೂತ ತಗ್ಗಿಸುವ ಪ್ರೋಟೀನ್ ಅನ್ನು ಆಂಟಿಬಾಡಿಯಿಂದ ಕಟ್ಟಿಹಾಕಿದರೂ ಎಷ್ಟೋ ಸಲ ಏನೂ ಬದಲಾಗುವುದಿಲ್ಲ. ಹಾಗಂತ ಅದು ಬೇಡವೇ ಬೇಡ ಅನ್ನಬೇಡಿ, ಟಿ-ರೆಗ್‌ಗಳಲ್ಲಿ ಮಾತ್ರ ಐಎಲ್-10 ಕಳೆದ ಇಲಿಗಳಿಗೆ ಕರುಳಿನ ಉರಿಯೂತ ಬರುತ್ತದೆ.

ಇಷ್ಟಾದ ಮೇಲೂ ಗುಣ ಸ್ಥಿರವೇ ಅನ್ನುವ ಅನುಮಾನ ಇದ್ದರೆ ಫಾಕ್ಸ್‌ಪಿ3 ಜೀನ್‌ನ ಟಿಎಸ್‌ಡಿಆರ್ ಭಾಗದಲ್ಲಿ ಮಿಥೈಲ್ ಗುಂಪು ಕಳಚಿದೆಯೇ ನೋಡಿ, ಸ್ಥಿರವಾದ ಟಿ-ರೆಗ್‌ನಲ್ಲಿ ಅದು ಕಳಚಿರುತ್ತದೆ. ಈ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ, ಹೆಂಗಸರಲ್ಲಿ ಒಂದು ಪ್ರತಿ ಮುಚ್ಚಿ, ಮಿಥೈಲ್ ಉಳಿಸಿಕೊಂಡಿರುತ್ತದೆ. ಅವರ ಸ್ಯಾಂಪಲ್‌ನಲ್ಲಿ ಕಳಚಿದ್ದು ಶೇ. 50 ಬಂದರೆ ಅದನ್ನು ಎರಡರಿಂದ ಗುಣಿಸಿ ಓದಿ.