ಬನಶಂಕರಿ ಜಾತ್ರೆಗೆ ಹೊರಟವರ ಚೀಲದಲ್ಲಿ ಸೋಪು ಇರಲಿ

ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುವವರು ಬುತ್ತಿಯ ಜೊತೆ ಒಂದು ಸಣ್ಣ ಸೋಪು ಇಟ್ಟುಕೊಳ್ಳಿ. ಸ್ಯಾನಿಟೈಸರ್ ಇದೆಯಲ್ಲ ಅನ್ನಬೇಡಿ. ಕೈಗೆ ಮಣ್ಣು, ಎಣ್ಣೆ ಮೆತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ವಾಂತಿ-ಭೇದಿ ತರುವ ನೊರೊವೈರಸ್ ಅಂತೂ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ತಿಕ್ಕಿ ತೊಳೆಯಿರಿ.

"ನಾವು ಇಲ್ಲಿಯವರೇ, ನಮಗೇನಾಗ್ತದ" ಅನ್ನುವವರು ಜಾಸ್ತಿ. ದಿನಾ ಎದುರಾಗುವ ಕೆಲವು ರೋಗಾಣುಗಳಿಗೆ ಮೈ ಪಳಗಿರುತ್ತದೆ, ನಿಜ. ಟೈಫಾಯಿಡ್‌ಗೆ ಆ ಲೆಕ್ಕ ಇಲ್ಲ. ಒಮ್ಮೆ ಬಂದು ಹೋದರೂ ಮತ್ತೆ ಬರಬಹುದು.

ಹಾಗಂತ ಗುಡಿ ಹತ್ತಿರ ಬುಟ್ಟಿ ಹೊತ್ತು ಬರುವ ಅಮ್ಮಂದಿರ ರೊಟ್ಟಿ ಊಟ ಬಿಡಬೇಕಾ? ನಾನಂತೂ ಬಿಡುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ನೀರಿನಂಶ ಕಡಿಮೆ, ರೋಗಾಣು ಬೆಳೆಯುವುದು ಕಷ್ಟ. ಬಿಸಿಲಲ್ಲಿಟ್ಟ ಮೊಸರು, ಹೆಚ್ಚಿಟ್ಟ ಸೌತೆಕಾಯಿ, ಐಸ್ ಹಾಕಿದ ಕಬ್ಬಿನ ಹಾಲು ಮಾತ್ರ ಬೇಡ.

ಭೇದಿ ಶುರುವಾದರೆ ಸುಮ್ನೆ ಆಂಟಿಬಯೋಟಿಕ್ ನುಂಗಬೇಡಿ, ಓಆರ್‌ಎಸ್ ಕುಡಿಯಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬೇಡಿ, ಮಟ್ಟಸವಾಗಿರಲಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಮಲದಲ್ಲಿ ರಕ್ತ ಅಥವಾ ಜೋರು ಜ್ವರ ಕಂಡರೆ ಊರು ಮುಟ್ಟುವವರೆಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ.