ದಾವಣಗೆರೆಯಿಂದ ಮೂರು ದೇಶ, ಒಂದು ಪದವಿ: ಯಾವ ಕಾಗದ ಮೊದಲು, ಯಾವುದು ಆಮೇಲೆ

ಇಂಟರ್‌ನ್ಯಾಷನಲ್ ಮ್ಯಾನೇಜ್‌ಮೆಂಟ್ ಮತ್ತು ಅಂತರ್‌ಸಾಂಸ್ಕೃತಿಕ ಸಂವಹನವನ್ನು ಹಲವು ಪಾಲುದಾರ ವಿಶ್ವವಿದ್ಯಾಲಯಗಳಲ್ಲಿ ಓದಲು ಹೊರಟವರಿಗೆ ಪಾಠ ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಸರದಿಯಲ್ಲಿ. ಒಂದೇ ಅಂಕಪಟ್ಟಿಯನ್ನು ಮೂರು ದೇಶಗಳು ಮೂರು ರೀತಿ ಕೇಳುತ್ತವೆ. ಒಂದು ದೇಶದ ಪರೀಕ್ಷೆ ಮುಗಿಯುವ ಮೊದಲೇ ಇನ್ನೊಂದರ ತರಗತಿ ಶುರುವಾಗುತ್ತದೆ. ಪಾಸ್‌ಪೋರ್ಟ್ ಮಾತ್ರ ಒಂದೇ. ಹಾಗಾಗಿ ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸ ಹಂಚಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ತರಗತಿ ಅಂದರೆ ಹಿಂದಿನ ವರ್ಷದ ಜೂನ್‌ಗೇ ಓಡಾಟ ಶುರು.

ಮೊದಲು ಕೋರ್ಸಿನ ಜಾತಿ ತಿಳಿಯಿರಿ

ಜಾಹೀರಾತಿನಲ್ಲಿ ಎಲ್ಲವೂ 'ಗ್ಲೋಬಲ್'. ಒಳಗೆ ಮೂರು ಬಗೆ. ಜಾಯಿಂಟ್ ಡಿಗ್ರಿಯಲ್ಲಿ ಎಲ್ಲ ವಿಶ್ವವಿದ್ಯಾಲಯಗಳೂ ಸೇರಿ ಒಂದೇ ಪ್ರಮಾಣಪತ್ರ ಕೊಡುತ್ತವೆ. ಡಬಲ್ ಡಿಗ್ರಿಯಲ್ಲಿ ಎರಡು ಬೇರೆ ಬೇರೆ ಪ್ರಮಾಣಪತ್ರ ಬರುತ್ತವೆ. ಮೂರನೆಯದು ಬರೀ ಎಕ್ಸ್‌ಚೇಂಜ್: ಪದವಿ ಒಂದರದ್ದೇ, ಉಳಿದ ಕಡೆ ಕ್ರೆಡಿಟ್ ಮಾತ್ರ. ಊರಿಗೆ ಬಂದು ಅಧ್ಯಾಪಕ ಹುದ್ದೆಗೋ ಸರ್ಕಾರಿ ಕೆಲಸಕ್ಕೋ ಅರ್ಜಿ ಹಾಕುವ ಯೋಚನೆ ಇದ್ದರೆ ಪ್ರಮಾಣಪತ್ರದ ಮೇಲೆ ಯಾರ ಮುದ್ರೆ ಇರುತ್ತದೆ ಎಂಬುದನ್ನು ಸೇರುವ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಮಾಸ್ಟರ್ಸ್‌ಗೆ ಕನಿಷ್ಠ 3 ದೇಶಗಳ 3 ಸಂಸ್ಥೆಗಳು ಸೇರಿರಬೇಕು, ವಿದ್ಯಾರ್ಥಿ ತಾನಿರುವ ದೇಶ ಬಿಟ್ಟು ಕನಿಷ್ಠ 2 ದೇಶಗಳಲ್ಲಿ ಓದಬೇಕು. ವಿದ್ಯಾರ್ಥಿವೇತನ ಸಿಕ್ಕವರಿಗೆ ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು. ಬೋಧನಾ ಶುಲ್ಕ ಇಲ್ಲ. ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿ ನಡುವೆ. ಇನ್ನೊಂದು ಮಾದರಿ ಜರ್ಮನಿಯ ಕಲೋನ್, ಪೋಲೆಂಡಿನ ವಾರ್ಸಾ, ಅಮೆರಿಕದ ಜಾಕ್ಸನ್‌ವಿಲ್, ಚೀನಾದ ಡಾಲಿಯನ್ ನಗರಗಳ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಗ್ಲೋಬಲ್ ಎಂಬಿಎ. ಅಲ್ಲಿ ಬೇರೆ ಬೇರೆ ದೇಶದವರ ಒಂದೇ ತಂಡ ಊರಿಂದೂರಿಗೆ ಒಟ್ಟಿಗೇ ಸಾಗುತ್ತದೆ. ದೇಶ ಬಿಟ್ಟು ಎರಡು ವರ್ಷ ಇರಲಾಗದವರಿಗೂ ದಾರಿಯಿದೆ: 1988ರಲ್ಲಿ ಹುಟ್ಟಿದ, ಹಲವು ದೇಶಗಳ ಮ್ಯಾನೇಜ್‌ಮೆಂಟ್ ಶಾಲೆಗಳ ಸಿಇಎಂಎಸ್ ಒಕ್ಕೂಟದಲ್ಲಿ ಐಐಎಂ ಕಲ್ಕತ್ತಾ ಸದಸ್ಯ. ಅಲ್ಲಿಗೆ ಹೋಗಲು ಕ್ಯಾಟ್ ಪರೀಕ್ಷೆಯೇ ಬಾಗಿಲು.

ಅಂಕದ ಲೆಕ್ಕ

ಜರ್ಮನಿ ನಿಮ್ಮ ಸಿಜಿಪಿಎಯನ್ನು ಬವೇರಿಯನ್ ಸೂತ್ರದಿಂದ ಬದಲಿಸುತ್ತದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಗರಿಷ್ಠದಿಂದ ಪಾಸಿನ ಅಂಕ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. 3ರಿಂದ ಗುಣಿಸಿ 1 ಕೂಡಿಸಿ. ಸಿಜಿಪಿಎ 7.6, ಪಾಸಿಗೆ 4 ಬೇಕು ಅಂದರೆ 2.2 ಬರುತ್ತದೆ. ಅದೇ 7.6ಕ್ಕೆ ಪಾಸಿನ ಅಂಕ 5 ಎಂದು ಹಿಡಿದರೆ 2.44. ಅಲ್ಲಿ 1.0 ಅತ್ಯುತ್ತಮ, ಹಲವು ಕೋರ್ಸುಗಳ ಗಡಿ 2.5. ಹಾಗಾಗಿ ಪಾಸಿನ ಅಂಕ ಎಷ್ಟು ಎಂಬ ಒಂದು ಸಾಲು ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಅವರಿಗೆ ತೋಚಿದ್ದನ್ನು ಹಿಡಿಯುತ್ತಾರೆ.

ಇನ್ನೊಂದು ಗುಂಡಿ ಇರುವುದು ಮೂರು ವರ್ಷದ ಬಿಬಿಎ, ಬಿಕಾಂನಲ್ಲಿ. ಯುರೋಪಿನಲ್ಲಿ ವರ್ಷಕ್ಕೆ 60 ಇಸಿಟಿಎಸ್ ಕ್ರೆಡಿಟ್, ಮೂರು ವರ್ಷಕ್ಕೆ 180. ಜರ್ಮನಿಯಲ್ಲಿ ಮಾಸ್ಟರ್ಸ್ ಮುಗಿಯುವಾಗ ಒಟ್ಟು 300 ಆಗಬೇಕು. ಕೋರ್ಸು 120 ಕ್ರೆಡಿಟ್ಟಿನದಾದರೆ ಸರಿಹೋಯಿತು. 90ರದ್ದಾದರೆ 30 ಕಡಿಮೆ ಬಿತ್ತು. ಅರ್ಹತೆಯ ಪುಟದಲ್ಲಿ ಪದವಿಗೆ 210 ಕ್ರೆಡಿಟ್ ಬೇಕು ಎಂದು ಕಂಡರೆ ಅರ್ಜಿ ಶುಲ್ಕ ಕಟ್ಟುವ ಮೊದಲು ಮೇಲ್ ಮಾಡಿ ಕೇಳಿ. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಬಂದು, 2024-25ರಲ್ಲಿ ಮತ್ತೆ ಮೂರಕ್ಕೆ ಮರಳಿದೆ. ನಡುವಿನ ಬ್ಯಾಚಿನಲ್ಲಿ ನಾಲ್ಕನೇ ವರ್ಷ ಮುಗಿಸಿದವರಿಗೆ ಈ ತೊಡಕಿಲ್ಲ. ದಾವಣಗೆರೆಯ ಬಿಐಇಟಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿಯ ಬಿಇ ಪದವೀಧರರಿಗೂ ವರ್ಷದ ಕೊರತೆಯಿಲ್ಲ. ಆದರೆ ಮ್ಯಾನೇಜ್‌ಮೆಂಟ್, ಅರ್ಥಶಾಸ್ತ್ರದ ಕ್ರೆಡಿಟ್ ಇಷ್ಟಿರಬೇಕು ಎಂಬ ಷರತ್ತು ಅವರನ್ನು ಹಿಡಿಯುತ್ತದೆ.

ಕಾಗದಗಳ ಸರದಿ

ಪಾಸ್‌ಪೋರ್ಟಿಗೆ ದಾವಣಗೆರೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ಐನೂರು ಉಳಿಸಬೇಡಿ, ನಾಲ್ಕು ದೇಶದ ವೀಸಾ ಅಂಟಿಸಿಕೊಳ್ಳುವವರಿಗೆ 60 ಪುಟದ್ದೇ ಬೇಕು.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪದವಿಯಲ್ಲಿ ಒಂದೇ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ! ಇಂಥವರ ಅಮೆರಿಕದ ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂದು ಬೀಳುತ್ತದೆ. ಆಮೇಲೆ ಬ್ಯಾಂಕು, ಮನೆ ಬಾಡಿಗೆ, ಕೊನೆಗೆ ಪದವಿ ಪ್ರಮಾಣಪತ್ರ ಎಲ್ಲದರಲ್ಲೂ ಅದೇ ತಗಾದೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಸರ್‌ನೇಮ್ ತುಂಬಿಸಿ. ಹಳೆಯ ಅಂಕಪಟ್ಟಿಗಳಿಗೂ ಅದಕ್ಕೂ ಹೊಂದಿಸಲು, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ಟನ್ನು ಇಂಗ್ಲಿಷಿನಲ್ಲಿ ಮಾಡಿಸಿ ಮೂರ್ನಾಲ್ಕು ಮೂಲ ಪ್ರತಿ ಇಟ್ಟುಕೊಳ್ಳಿ.

ಟ್ರಾನ್ಸ್‌ಕ್ರಿಪ್ಟಿಗೆ ದಾವಣಗೆರೆ ವಿಶ್ವವಿದ್ಯಾಲಯದವರು ತೋಳಹುಣಸೆಯ ಶಿವಗಂಗೋತ್ರಿಗೆ ಹೋಗಬೇಕು, ಬಿಇ ಮಾಡಿದವರು ಬೆಳಗಾವಿಯ ವಿಟಿಯುಗೆ. ಪ್ರತಿ ಪಾಲುದಾರ ವಿಶ್ವವಿದ್ಯಾಲಯಕ್ಕೂ ಒಂದೊಂದು ಮುಚ್ಚಿದ ಲಕೋಟೆ, ಜೊತೆಗೆ ಎರಡು ಹೆಚ್ಚುವರಿ ಪ್ರತಿ ಒಂದೇ ಸಲ ಕೇಳಿ ಪಡೆಯಿರಿ. ವಿದೇಶದಿಂದ ಅಪ್ಪನನ್ನು ಕಳಿಸಿ ತರಿಸುವ ಕೆಲಸವಲ್ಲ ಅದು.

ಜರ್ಮನಿ ದಾರಿಯಲ್ಲಿದ್ದರೆ, ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ. ವಾರಗಟ್ಟಲೆ ಹಿಡಿಯುತ್ತದೆ, ಸೀಟು ಸಿಕ್ಕ ಮೇಲೆ ಹಾಕೋಣ ಎಂದು ಕೂತರೆ ವೀಸಾ ದಿನಾಂಕ ಕೈತಪ್ಪುತ್ತದೆ. ಹಲವು ಜರ್ಮನ್ ವಿಶ್ವವಿದ್ಯಾಲಯಗಳು ಅರ್ಜಿಯನ್ನು ಯೂನಿ-ಅಸಿಸ್ಟ್ ಮೂಲಕ ತರಿಸಿಕೊಳ್ಳುತ್ತವೆ. ಮೊದಲ ಅರ್ಜಿಗೆ 75 ಯೂರೋ, ಮುಂದಿನವಕ್ಕೆ ತಲಾ 30. ಪೋಲೆಂಡ್ ಕೇಳುವುದು ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ವಿದೇಶದಲ್ಲಿ ಒಪ್ಪುವ ಮುದ್ರೆ: ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಈ ಎರಡನೇ ಹಂತದ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ ಮಾತ್ರ. ಏಜೆಂಟರು ಸಾವಿರಗಟ್ಟಲೆ ಹೇಳಿದರೆ ಉಳಿದದ್ದು ಯಾವುದಕ್ಕೆ ಎಂದು ಕೇಳಿ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ತೀರಾ ಬೇಗ ಬರೆದರೆ ಎರಡನೇ ದೇಶದ ವೀಸಾ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ದುಡ್ಡು

ಚನ್ನಗಿರಿ, ಹೊಳಲ್ಕೆರೆ ಕಡೆ ಎಷ್ಟೋ ಮನೆಗಳಲ್ಲಿ ಆಸ್ತಿ ಅಂದರೆ ಅಡಿಕೆ ತೋಟ. ಆದರೆ ಶಿಕ್ಷಣ ಸಾಲಕ್ಕೆ ತೋಟದ ಪಹಣಿ ಹಿಡಿದು ಹೋದರೆ ಬ್ಯಾಂಕು ಮುಖ ತಿರುಗಿಸುವುದೇ ಹೆಚ್ಚು. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚಿಕೊಂಡಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಅದೇ ಕಾರಣ. ಬೇಕಾದದ್ದು ಊರಿನಲ್ಲಿರುವ ಮನೆ ಅಥವಾ ಭೂಪರಿವರ್ತನೆಯಾದ ನಿವೇಶನ. ಅದರ ಇ-ಖಾತೆ ಅಥವಾ ಇ-ಸ್ವತ್ತು, ಋಣಭಾರ ಪ್ರಮಾಣಪತ್ರ, ಮೂಲ ಕ್ರಯಪತ್ರ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆಗೆ ಇವತ್ತೇ ಅರ್ಜಿ ಹಾಕಿ, ಐಇಎಲ್‌ಟಿಎಸ್ ಅದಕ್ಕಿಂತ ಬೇಗ ಮುಗಿಯುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ದಾಟಿದರೆ ಆಸ್ತಿ ಅಡಮಾನ ಬೇಕು, ವಿದೇಶ ವ್ಯಾಸಂಗಕ್ಕೆ 4 ಲಕ್ಷ ದಾಟಿದರೆ 15 ಶೇಕಡಾ ನಿಮ್ಮ ಕೈಯಿಂದ ಹಾಕಬೇಕು. ಸಾಲದ ಮಂಜೂರಾತಿ ಪತ್ರದಲ್ಲಿ ಎಲ್ಲ ವಿಶ್ವವಿದ್ಯಾಲಯಗಳ ಹೆಸರೂ, ಪ್ರತಿ ಸೆಮಿಸ್ಟರಿನ ಶುಲ್ಕ ಯಾವ ದೇಶದ ಯಾವ ಖಾತೆಗೆ ಹೋಗಬೇಕೆಂಬುದೂ ಇರಲಿ. ಒಂದೇ ಹೆಸರಿದ್ದರೆ ಎರಡನೇ ವರ್ಷದ ಕಂತಿಗೆ ಮ್ಯಾನೇಜರ್ ತಕರಾರು ತೆಗೆಯುತ್ತಾರೆ. ಅಷ್ಟರಲ್ಲಿ ಹಳೆಯ ಮ್ಯಾನೇಜರ್‌ಗೆ ವರ್ಗವೂ ಆಗಿರುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರು ವಿದೇಶ ವ್ಯಾಸಂಗಕ್ಕಿರುವ ರಾಜ್ಯದ ಪ್ರಬುದ್ಧ ಯೋಜನೆಯನ್ನು ನೋಡಿ. ಪರಿಶಿಷ್ಟ ಜಾತಿ ಮೊದಲಾದವರಿಗಿರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಸಂಸ್ಥೆ ವಿಶ್ವವಿದ್ಯಾಲಯಗಳ ಕ್ಯೂಎಸ್ ರ‍್ಯಾಂಕಿಂಗ್ ಪಟ್ಟಿಯ ಮೊದಲ 500ರಲ್ಲಿರಬೇಕು. ಪಾಲುದಾರರಲ್ಲಿ ಒಂದು ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿದ್ದರೆ ಏನು ಎಂದು ಅರ್ಜಿಗೆ ಮೊದಲೇ ಲಿಖಿತವಾಗಿ ಕೇಳಬೇಕು.

ಜರ್ಮನಿಗೆ ಸ್ವಂತ ಖರ್ಚಿನಲ್ಲಿ ಹೋಗುವವರು 2024ರ ಸೆಪ್ಟೆಂಬರಿನಿಂದ ಬ್ಲಾಕ್ಡ್ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕಾಗಿದೆ. ಅದರಿಂದ ತಿಂಗಳಿಗೆ 992 ಮಾತ್ರ ತೆಗೆಯಬಹುದು.

ವೀಸಾ ಮತ್ತು ಕ್ಯಾಲೆಂಡರ್

ಯುರೋಪಿನೊಳಗೆ ಒಂದು ಅನುಕೂಲವಿದೆ. ಐರೋಪ್ಯ ಒಕ್ಕೂಟದ 2016ರ 801ನೇ ನಿರ್ದೇಶನದಂತೆ, ಒಂದು ಸದಸ್ಯ ದೇಶದ ವಿದ್ಯಾರ್ಥಿ ಪರವಾನಗಿ ಇದ್ದವರು ವಿಶ್ವವಿದ್ಯಾಲಯಗಳ ಒಪ್ಪಂದದಡಿ ಇನ್ನೊಂದು ಸದಸ್ಯ ದೇಶದಲ್ಲಿ 360 ದಿನದವರೆಗೆ ಓದಬಹುದು. ಡೆನ್ಮಾರ್ಕ್, ಐರ್ಲೆಂಡ್ ಇದರಲ್ಲಿಲ್ಲ. ಆದರೆ ಇದು ತಾನಾಗಿ ಸಿಗುವುದಲ್ಲ. ಮೊದಲ ವೀಸಾ ಅರ್ಜಿಯಲ್ಲೇ ಪಾಲುದಾರ ವಿಶ್ವವಿದ್ಯಾಲಯಗಳ ಪತ್ರ, ಯಾವ ಸೆಮಿಸ್ಟರ್ ಎಲ್ಲಿ ಎಂಬ ವೇಳಾಪಟ್ಟಿ ಲಗತ್ತಿಸಬೇಕು. ಚೀನಾಕ್ಕೆ 180 ದಿನ ಮೀರಿದ ಓದಾದರೆ ಎಕ್ಸ್1 ವೀಸಾ, ಒಳಹೋದ 30 ದಿನದೊಳಗೆ ವಾಸದ ಪರವಾನಗಿ. ಕಡಿಮೆಯಾದರೆ ಎಕ್ಸ್2.

ಜರ್ಮನಿ, ಪೋಲೆಂಡ್‌ಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗಿ ಪರೀಕ್ಷೆ ಫೆಬ್ರವರಿಗೆ ಬರುತ್ತದೆ. ಅಮೆರಿಕದ ಸ್ಪ್ರಿಂಗ್ ಸೆಮಿಸ್ಟರ್ ಜನವರಿಯಲ್ಲೇ ಶುರು. ಒಂದರಿಂದ ಇನ್ನೊಂದಕ್ಕೆ ನೇರ ಜಿಗಿಯಬೇಕಾದ ಕೋರ್ಸಾದರೆ ಪರೀಕ್ಷೆಗಳನ್ನು ಡಿಸೆಂಬರಿಗೆ ತರುವ ಏರ್ಪಾಡಿದೆಯೇ ಎಂದು ವಿಚಾರಿಸಿ.

ಗ್ರೇಡುಗಳ ಬಗ್ಗೆಯೂ ಮನೆಯವರಿಗೆ ಮೊದಲೇ ಹೇಳಿಡಿ: ಜರ್ಮನಿಯಲ್ಲಿ 2 ಅಂದರೆ ಒಳ್ಳೆಯ ಅಂಕ, ಪೋಲೆಂಡಿನಲ್ಲಿ 2 ಅಂದರೆ ಫೇಲ್, 5 ಅತ್ಯುತ್ತಮ. ಜರ್ಮನಿಯ 5 ಫೇಲ್.

ಉದ್ದೇಶ ಪತ್ರಕ್ಕೆ ಊರಿನ ಸರಕು

'ಬಾಲ್ಯದಿಂದಲೂ ವಿವಿಧ ಸಂಸ್ಕೃತಿಗಳ ಬಗ್ಗೆ ಆಸಕ್ತಿ' ಎಂದು ಶುರುವಾದ ಪತ್ರಗಳನ್ನು ಆಯ್ಕೆ ಸಮಿತಿ ರಾಶಿಗಟ್ಟಲೆ ನೋಡಿರುತ್ತದೆ. ಅದರ ಬದಲು ಕಣ್ಣೆದುರಿನ ವ್ಯವಹಾರ ಬರೆಯಿರಿ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆ ಹೇಗೆ ಕಾಲೇಜುಗಳ ಊರಾಯಿತು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಬಾಯಿಮಾತಿನ ಮೇಲೆ ಎಷ್ಟು ವ್ಯವಹಾರ ನಡೆಸುತ್ತಾರೆ, ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘವನ್ನು ಅಡಿಕೆ ಬೆಳೆಗಾರ ಯಾಕೆ ನಂಬುತ್ತಾನೆ. ಚಿತ್ರದುರ್ಗದವರಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಪಾಠ. ಜರ್ಮನಿಯ ಎನರ್ಕಾನ್ ಭಾರತೀಯ ಪಾಲುದಾರರೊಂದಿಗೆ 1994ರಲ್ಲಿ ಕಟ್ಟಿದ ಪವನ ವಿದ್ಯುತ್ ಕಂಪನಿಯ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಧ್ಯಸ್ಥಿಕೆಯ ಕಾನೂನು ನೆಲೆ (ಸೀಟ್) ಭಾರತ, ಲಂಡನ್ ಬರೀ ಸಭೆ ಸೇರುವ ಸ್ಥಳ ಎಂದು 2014ರಲ್ಲಿ ತೀರ್ಪು ಬಂತು. ಒಪ್ಪಂದದ ಒಂದು ಸಾಲನ್ನು ಎರಡು ಪಕ್ಷ ಬೇರೆ ಬೇರೆಯಾಗಿ ಓದಿದರೆ ಏನಾಗುತ್ತದೆ ಎಂದು ಈ ಪ್ರಕರಣ ಇಟ್ಟುಕೊಂಡು ಒಂದು ಪುಟ ಬರೆದರೆ ಸಂದರ್ಶನದಲ್ಲಿ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಮನೆ ಅಂಗಳದಲ್ಲೇ ಆಡಿದಂತೆ.

ತಂಡದ ಕೆಲಸ

ತರಗತಿಯಲ್ಲಿ ಸಂಸ್ಕೃತಿಗಳನ್ನು ಹೋಲಿಸಿದ ವಿದ್ವಾಂಸರಾದ ಎಡ್ವರ್ಡ್ ಹಾಲ್, ಹಾಫ್‌ಸ್ಟೆಡ್ ಬಂದೇ ಬರುತ್ತಾರೆ. ಹಾಫ್‌ಸ್ಟೆಡ್ ಲೆಕ್ಕ ಹುಟ್ಟಿದ್ದು 1967ರಿಂದ 1973ರವರೆಗೆ ಐಬಿಎಂ ನೌಕರರ ಸಮೀಕ್ಷೆಯಿಂದ. ಅಧಿಕಾರದ ಅಂತರದಲ್ಲಿ, ಅಂದರೆ ಮೇಲು ಕೀಳಿನ ವ್ಯತ್ಯಾಸವನ್ನು ಜನ ಎಷ್ಟು ಒಪ್ಪುತ್ತಾರೆ ಎಂಬ ಅಳತೆಯಲ್ಲಿ, ಭಾರತಕ್ಕೆ 77, ಜರ್ಮನಿಗೆ 35. ಈ ಸಂಖ್ಯೆ ದೇಶಗಳ ಸರಾಸರಿಯನ್ನು ಹೋಲಿಸಲು ಮಾತ್ರ. ಪಕ್ಕ ಕೂತ ಸಹಪಾಠಿಯನ್ನು ಅದರಿಂದ ಅಳೆದು ವರದಿ ಬರೆದರೆ ಅಂಕ ಹೋಗುತ್ತದೆ. ಬ್ರೆಂಡನ್ ಮೆಕ್‌ಸ್ವೀನಿ 2002ರಲ್ಲಿ ಮಾಡಿದ ಟೀಕೆಯನ್ನೂ ಓದಿ, ಸಿದ್ಧಾಂತ ಹೇಳಿ ಅದರ ಮಿತಿ ಹೇಳದ ಉತ್ತರಕ್ಕೆ ಅಲ್ಲಿ ಬೆಲೆ ಕಡಿಮೆ.

ನಮ್ಮ ಹುಡುಗ ಹುಡುಗಿಯರು ಸಿಕ್ಕಿಬೀಳುವುದು ಬೇರೆ ಕಡೆ. ಮೇಷ್ಟ್ರ ಮಾತಿಗೆ ಎದುರಾಡದೆ ಬೆಳೆದವರು ಸಭೆಯಲ್ಲಿ ತಲೆಯಾಡಿಸಿ, ಆಮೇಲೆ ವಾಟ್ಸಾಪ್‌ನಲ್ಲಿ ಒಬ್ಬರಿಗೆ ಮಾತ್ರ ಅಸಮಾಧಾನ ಹೇಳಿಕೊಳ್ಳುತ್ತಾರೆ. ಜರ್ಮನ್ ಸಹಪಾಠಿಗಳ ಪಾಲಿಗೆ ಸಭೆಯಲ್ಲಿ ಆಡದ ಆಕ್ಷೇಪ ಇಲ್ಲವೇ ಇಲ್ಲ. ಪರಿಹಾರ ಸಪ್ಪೆಯಾದದ್ದು: ಮೊದಲ ಸಭೆಯಲ್ಲೇ ಯಾರು, ಏನು, ಯಾವ ದಿನ ಎಷ್ಟು ಗಂಟೆಗೆ ಎಂದು ಒಂದು ಪುಟ ಬರೆದು ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಪ್ರತಿ ಸಭೆಯ ಕೊನೆಯ ಐದು ನಿಮಿಷ ಆಕ್ಷೇಪಗಳಿಗೇ ಮೀಸಲಿಡಿ, ಸರದಿಯಂತೆ ಎಲ್ಲರೂ ಒಂದಾದರೂ ಹೇಳಲೇಬೇಕು ಎಂದು ನಿಯಮ ಮಾಡಿ. ಮೌನವಾಗಿರುವ ಚೀನೀ ಸಹಪಾಠಿಗೂ ಇದರಿಂದ ದಾರಿಯಾಗುತ್ತದೆ.

ಆನ್‌ಲೈನ್ ಸಭೆಗೆ ಚಳಿಗಾಲದಲ್ಲಿ ಕಲೋನಿನ ಮಧ್ಯಾಹ್ನ 2 ಗಂಟೆ ಎಲ್ಲರಿಗೂ ಹೊಂದುತ್ತದೆ: ಆಗ ಜಾಕ್ಸನ್‌ವಿಲ್‌ನಲ್ಲಿ ಬೆಳಗಿನ 8, ದಾವಣಗೆರೆಯಲ್ಲಿ ಸಂಜೆ 6.30, ಡಾಲಿಯನ್‌ನಲ್ಲಿ ರಾತ್ರಿ 9. ಅಮೆರಿಕ ಗಡಿಯಾರವನ್ನು ಮಾರ್ಚಿನ ಎರಡನೇ ಭಾನುವಾರ ಮುಂದಿಡುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಒಂದು ಗಂಟೆ ಏರುಪೇರಾಗಿ ಸಭೆ ತಪ್ಪುತ್ತದೆ.

ಪ್ರತಿ ದೇಶ ಬಿಡುವ ಮೊದಲು

ಮುದ್ರೆ ಬಿದ್ದ ಟ್ರಾನ್ಸ್‌ಕ್ರಿಪ್ಟ್ ಕೈಗೆ ಬರುವವರೆಗೆ, ಕನಿಷ್ಠ ಅದು ಬರುವ ದಿನಾಂಕ ಲಿಖಿತವಾಗಿ ಸಿಗುವವರೆಗೆ, ವಿಮಾನ ಹತ್ತಬೇಡಿ. ಯಾವ ವಿಷಯ ಎಲ್ಲಿ ಓದುತ್ತೀರಿ ಎಂದು ಮೊದಲೇ ಬರೆದ ಕಲಿಕಾ ಒಪ್ಪಂದದಲ್ಲಿದ್ದ ವಿಷಯ ಬದಲಾಗಿದ್ದರೆ ಬದಲಾವಣೆಗೆ ಎರಡೂ ಕಡೆಯ ಸಹಿ ಇರಲಿ, ಸಹಿಯಿಲ್ಲದ ವಿಷಯದ ಕ್ರೆಡಿಟ್ ಪದವಿಗೆ ಸೇರದೆ ಹೋಗುತ್ತದೆ. ವಿಷಯವಾರು ಪಠ್ಯಕ್ರಮದ ಪ್ರತಿಯನ್ನೂ, ವಾಸದ ನೋಂದಣಿ ರದ್ದಾದ ರಸೀದಿಯನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಊರಿಗೆ ಮರಳಿದ ಮೇಲೆ ಪದವಿಯ ಸಮಾನತೆಗೆ ಅರ್ಜಿ ಹಾಕುವಾಗ ಯಾವ ಸೆಮಿಸ್ಟರ್ ಯಾವ ದೇಶದಲ್ಲಿ, ಎಷ್ಟು ಕ್ರೆಡಿಟ್ ಎಂದು ಕೇಳಿದರೆ ಉತ್ತರ ಈ ಕಡತದಲ್ಲೇ ಇರುತ್ತದೆ.