ರಾಯಭಾರಿಯೊಬ್ಬರನ್ನು ಚೀಟಿಗಳಲ್ಲಿ ಹಿಡಿದದ್ದು

ಇಟಲಿಯ ನಿವೃತ್ತ ರಾಯಭಾರಿ ಸೆರ್ಜೊ ರೊಮಾನೊ ಅವರ ವ್ಯಕ್ತಿಚಿತ್ರವನ್ನು ಕನ್ನಡದಲ್ಲಿ ಬರೆಯುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ನಗದೆ ಉಳಿದವರು ಒಬ್ಬಿಬ್ಬರು. "ರಿಟೈರಾದ ರಾಯಭಾರಿ ಅಂದ್ರೆ ಸರ್ವೀಸ್ ರಿಜಿಸ್ಟರ್ ಕಣಯ್ಯ, ಯಾರು ಓದ್ತಾರೆ?" ಅಂತ ಹಿರಿಯ ಮಿತ್ರರೊಬ್ಬರು ಮುಖಕ್ಕೇ ಹೇಳಿದ್ದರು. ಮೂರನೇ ಕರಡು ಕೊನೆಗೂ ಅಚ್ಚಾಯಿತು. ಹದಿನೈದೋ ಇಪ್ಪತ್ತೋ ಓದುಗರು ಪತ್ರ ಬರೆದರು. ಆ ಹಿರಿಯರೂ ಫೋನ್ ಮಾಡಿದರು, ಆದರೆ ಲೇಖನದ ಮಾತೇ ಎತ್ತಲಿಲ್ಲ!

ಮೊದಲ ಕರಡು ಅವರು ಹೇಳಿದ ಹಾಗೇ ಆಗಿತ್ತು, ಒಪ್ಪುತ್ತೇನೆ. 1929ರಲ್ಲಿ ವಿಚೆಂತ್ಸಾದಲ್ಲಿ ಹುಟ್ಟು, ಸ್ವಲ್ಪ ಕಾಲ ಪತ್ರಿಕೋದ್ಯಮ, 1954ರಲ್ಲಿ ವಿದೇಶಾಂಗ ಸೇವೆ, ಆಮೇಲೆ ಲಂಡನ್, ಪ್ಯಾರಿಸ್, ರೋಮ್, 1983ರಲ್ಲಿ ನೇಟೋ, 1985ರಲ್ಲಿ ಮಾಸ್ಕೋ. ಎಂಟು ಪುಟ ಬರೆದರೂ ಒಬ್ಬ ಮನುಷ್ಯ ಕಾಣಲಿಲ್ಲ.

ಎರಡನೆಯದರಲ್ಲಿ ಮನುಷ್ಯ ಕಂಡ, ಆದರೆ ತಪ್ಪು ಮನುಷ್ಯ. ಇಟಾಲಿಯನ್‌ನಲ್ಲಿ 'ಮಿನಿಸ್ತ್ರೊ' ಅಂತ ನೋಡಿದ್ದೇ ಸಚಿವ ಅಂತ ಬರೆದುಬಿಟ್ಟೆ. ಅಲ್ಲಿನ ರಾಯಭಾರ ಸೇವೆಯಲ್ಲಿ ಅದೊಂದು ದರ್ಜೆ, ರಾಯಭಾರಿ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗೆ. ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಐವತ್ತರ ದಶಕದ ಪ್ರಸಂಗವೊಂದರಲ್ಲಿ 'ಪಲಾತ್ಸೊ ಕೀಜಿ' ಅಂತಿತ್ತು. ಇವತ್ತು ಅದು ಪ್ರಧಾನಿಯ ಕಚೇರಿ ಅಲ್ಲವೇ, ನಾನು ಈ ತರುಣ ಅಧಿಕಾರಿಯನ್ನು ನೇರ ಪ್ರಧಾನಿಯ ಪಕ್ಕದಲ್ಲೇ ಕೂರಿಸಿದೆ. ವಿದೇಶಾಂಗ ಇಲಾಖೆ ಅದೇ ಕಟ್ಟಡದಲ್ಲಿದ್ದು 1959ರಲ್ಲಷ್ಟೇ ಫಾರ್ನೆಸಿನಾ ಅನ್ನುವ ಬೇರೆ ಕಟ್ಟಡಕ್ಕೆ ಹೋಯಿತು, ಪ್ರಧಾನಿ ಕಚೇರಿ ಅಲ್ಲಿಗೆ ಬಂದದ್ದು 1961ರಲ್ಲಿ. ಇಟಾಲಿಯನ್ ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಕರಡು ತೋರಿಸಿದ್ದರಿಂದ ಮಾನ ಉಳಿಯಿತು. ಅವಳಿಗೆ ಕೊಟ್ಟದ್ದು ನಾಲ್ಕು ಸಾವಿರದ ಹತ್ತಿರ. ನಿಘಂಟಿಗೆ ಎರಡು ಸಾವಿರ, ಹಳೆಯ ಪುಸ್ತಕಗಳಿಗೂ ಅಂಚೆಗೂ ಸೇರಿ ಆರೋ ಏಳೋ. ಗೌರವಧನ ಬಂದದ್ದು ಒಂದೂವರೆ ಸಾವಿರ. ಮನೆಯಲ್ಲಿ ಈ ಲೆಕ್ಕ ಇನ್ನೂ ಒಪ್ಪಿಸಿಲ್ಲ.

ಇನ್ನು ಮೂರನೇ ಕರಡನ್ನು ದಡ ಸೇರಿಸಿದ ಚೀಟಿಗಳ ವಿಷಯ. ಒಂದು ಪೋಸ್ಟಿಂಗಿಗೆ ಒಂದು ಚೀಟಿ. ಎಡಗಡೆ ಆ ಅವಧಿಯಲ್ಲಿ ರೋಮಿನಲ್ಲಿ ಆಳಿದವರು, ಬಲಗಡೆ ರೊಮಾನೊ ಇದ್ದ ಊರಿನಲ್ಲಿ ಆಳಿದವರು. ಗುಣವಾಚಕ ಒಂದೂ ಬರೆಯಕೂಡದು. ಇಷ್ಟೇ. ಮಾಸ್ಕೋ ಚೀಟಿ ತುಂಬಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಲಗಡೆ ಒಂದೇ ಹೆಸರು, ಗೊರ್ಬಚೆವ್. ಎಡಗಡೆ ಕ್ರಾಕ್ಸಿ, ಫಾನ್ಫಾನಿ, ಗೋರಿಯಾ, ದೆ ಮೀತಾ, ಮೂರೂವರೆ ವರ್ಷಕ್ಕೆ ನಾಲ್ವರು ಪ್ರಧಾನಿಗಳು! ಅವರ ಕೆಳಗೆ ಅಲ್ಲಾಡದೆ ಕೂತ ಒಬ್ಬ ವಿದೇಶಾಂಗ ಸಚಿವ, ಆಂದ್ರೆಯೊತ್ತಿ. ನಾಲ್ಕನೆಯ ಪ್ರಧಾನಿಯ ಕಾಲದಲ್ಲೇ ರೊಮಾನೊ ಅವರಿಗೂ ರೋಮಿಗೂ ತಾಳ ತಪ್ಪಿತು. ಗೊರ್ಬಚೆವ್ ವಿಷಯದಲ್ಲಿ ಪಶ್ಚಿಮದವರಿಗೆಲ್ಲ ಇದ್ದ ಹುಮ್ಮಸ್ಸು ಇವರಿಗಿರಲಿಲ್ಲ. 1989ರ ಮಾರ್ಚಿನಲ್ಲಿ, ಅರವತ್ತು ತುಂಬುವ ಮೊದಲೇ, ಮಾಸ್ಕೋ ಬಿಟ್ಟರು, ಸೇವೆಯನ್ನೂ ಬಿಟ್ಟರು. ಅದೇ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಲೇಖನವನ್ನು ನಾನು ಅಲ್ಲಿಂದಲೇ ಶುರು ಮಾಡಿದೆ. ವಿಚೆಂತ್ಸಾ, ಹುಟ್ಟು, ಶಾಲೆ ಎಲ್ಲ ನಾಲ್ಕನೇ ಪುಟಕ್ಕೆ ಹೋದವು.

ಪೋಸ್ಟಿಂಗಿನ ತಿಂಗಳುಗಳನ್ನು ಖಚಿತವಾಗಿ ಎಲ್ಲಿಂದ ಹಿಡಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಇನ್ನೂ ಇಬ್ಬರ ಮೇಲೆ ಅದನ್ನು ಪ್ರಯೋಗಿಸುವುದಿದೆ. ಬೇಕಾದರೆ ಇನ್ನೊಂದು ಬಿಟ್ಟುಕೊಡುತ್ತೇನೆ. ಸೇವೆ ಬಿಟ್ಟ ಮೇಲೆ ರೊಮಾನೊ ಮಿಲಾನಿನ ಬೊಕ್ಕೋನಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಪತ್ರಿಕೆಗಳಿಗೆ ಬರೆದರು (ಇಟಲಿಯ ಹಳೆಯ ಪ್ರಧಾನಿ ಕ್ರಿಸ್ಪಿಯ ಜೀವನಚರಿತ್ರೆಯನ್ನು ಸೇವೆಯಲ್ಲಿದ್ದಾಗಲೇ ಬರೆದಿದ್ದರು). ಜತೆಗೆ 'ಕೊರ್ರಿಯೆರೆ ದೆಲ್ಲಾ ಸೆರಾ' ದಿನಪತ್ರಿಕೆಯಲ್ಲಿ, ಹಿಂದೆ ಹೆಸರಾಂತ ಪತ್ರಕರ್ತ ಮೊಂತನೆಲ್ಲಿ ಓದುಗರ ಪತ್ರಗಳಿಗೆ ಉತ್ತರಿಸುತ್ತಿದ್ದ ಅಂಕಣವನ್ನು ಹನ್ನೆರಡು ವರ್ಷದಷ್ಟು ನಡೆಸಿದರು. ಆತ್ಮಕಥೆ ಹುಡುಕುವ ಬದಲು ಈ ಉತ್ತರಗಳನ್ನು ಓದಿ. ಯಾರೋ ಇತಿಹಾಸದ ಪ್ರಶ್ನೆ ಕೇಳುತ್ತಾರೆ, ಇವರು ಉತ್ತರದ ನಡುವೆ "ಆಗ ನಾನು ಅಲ್ಲಿದ್ದೆ" ಅಂತ ಒಂದು ಸಾಲು ಉದುರಿಸಿ ಮುಂದೆ ಹೋಗುತ್ತಾರೆ. ಆ ಸಾಲುಗಳೇ ನನ್ನ ಬಂಡವಾಳ.

ಕಾಗುಣಿತದ ಜಗಳವನ್ನೂ ಹೇಳಲೇಬೇಕು. ಇಟಾಲಿಯನ್ನರ ತ ನಮ್ಮ ತ, ಇಂಗ್ಲಿಷಿನ ಟ ಅಲ್ಲ. ಅವರ ಜೋಡಿ ವ್ಯಂಜನ ನಮ್ಮ ಒತ್ತಕ್ಷರಕ್ಕೆ ಹೇಳಿ ಮಾಡಿಸಿದ್ದು, ಪದದ ಕೊನೆಯ ಸ್ವರವೂ ನಮ್ಮದರ ಹಾಗೇ. ಹೀಗಿರುವಾಗ ಇಂಗ್ಲಿಷಿನ ಬಾಯಿಂದ ಯಾಕೆ ಕೇಳಬೇಕು? ಕರಡು ತಿದ್ದುವವರು 'ವಿಸೆಂಜಾ', 'ಮಾಂಟನೆಲ್ಲಿ' ಅಂತ ಎರಡು ಸಲ ಬದಲಾಯಿಸಿದರು, ನಾನು ಎರಡು ಸಲವೂ ಹಿಂದಕ್ಕೆ ತಂದೆ. "ಆಂದ್ರೆಯೊತ್ತಿ ಅಂದ್ರೆ ಏನನ್ನ ಒತ್ತಬೇಕು ಸಾರ್?" ಅಂತ ಅವರು ಕೇಳಿದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿರಲಿಲ್ಲ.

ಗೆದ್ದ ಹುರುಪಿನಲ್ಲಿ ಇದೇ ಚೀಟಿಗಳನ್ನು ನಮ್ಮ ದೇಶದ ರಾಯಭಾರಿಯಾಗಿದ್ದ ಕೆ.ಪಿ.ಎಸ್. ಮೆನನ್ ಅವರ ಮೇಲೆ ಹೂಡಿದೆ. ಅವರೂ ಮಾಸ್ಕೋದಲ್ಲಿದ್ದವರು, 1952ರಿಂದ 1961ರವರೆಗೆ. ಒಂಬತ್ತು ವರ್ಷಕ್ಕೆ ಒಂದೇ ಚೀಟಿ. ಎಡಗಡೆ ಪ್ರಧಾನಿ ನೆಹರೂ, ವಿದೇಶಾಂಗ ಸಚಿವರೂ ನೆಹರೂ. ಬಲಗಡೆ ಸ್ಟಾಲಿನ್ ಸತ್ತು ಕ್ರುಶ್ಚೇವ್ ಬಂದ, ಎಡಗಡೆ ಎಲೆಯೂ ಅಲುಗಲಿಲ್ಲ. ಎರಡು ವಾರ ಗುದ್ದಾಡಿ ಕೈಬಿಟ್ಟೆ. ಆ ಚೀಟಿಯ ಹಿಂಬದಿಯಲ್ಲಿ ಈಗ ದಿನಸಿ ಅಂಗಡಿಯ ಬಾಕಿ ಬರೆದಿಟ್ಟಿದ್ದೇನೆ.